ಅಮ್ಮನ ಎಡಗಿವಿ

ಆಗೆಲ್ಲ ಹೊಸೂರಿನ ಹತ್ತಿರದ ನಮ್ಮ ಸಾನಮಾವು ಕಡೆ ರಾಗಿ ಕೊಯ್ಲು ಶುರುವಾಯಿತೆಂದರೆ ಅವರೆಕಾಯಿಯ ಸೊಗಡೂ ಆನೆಯ ಭಯವೂ ಒಟ್ಟಿಗೇ ಬರುತ್ತಿದ್ದವು. ಸ್ಕೂಲು ಬಿಟ್ಟ ಮೇಲೆ ಕಣದಲ್ಲಿ ಕುಂಟೆಬಿಲ್ಲೆ ಆಡಿ, ಮೈಗೆ ಹತ್ತಿದ ರಾಗಿ ಸುಂಕು ತುರಿಸಿಕೊಳ್ಳುತ್ತ ಮನೆಗೆ ಹೋದರೆ ಹಿತಕಿದ ಬೇಳೆ ಸಾರು ಕುದಿಯುತ್ತಿರುತ್ತಿತ್ತು. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಮಾತ್ರ ಆ ಸಾರಿನ ಪರಿಮಳದ ಜೊತೆ ಇನ್ನೊಂದು ವಾಸನೆಯೂ ಮನೆಯೊಳಗಿತ್ತು. ಅಮ್ಮನ ಎಡಗಿವಿ ಸೋರುತ್ತಿತ್ತು.

ಅಮ್ಮ ಗುಲಾಬಿ ತೋಟವೊಂದರಲ್ಲಿ ಹೂ ಕೊಯ್ಯುವ ಕೂಲಿಗೆ ಹೋಗುತ್ತಿದ್ದಳು. ಒಂದು ದಿನ ಕೂಲಿ ಬಿಟ್ಟು, ನನ್ನನ್ನೂ ಕರೆದುಕೊಂಡು ಹೊಸೂರಿನ ಆಸ್ಪತ್ರೆಗೆ ಹೋದಳು. ತಮಿಳು ಅವಳಿಗೆ ಬರುತ್ತಿತ್ತು, ಆದರೆ ಡಾಕ್ಟರ ಮುಂದೆ ನಾಲಿಗೆ ಏಳುತ್ತಿರಲಿಲ್ಲ. ನಾನೇ ಹೇಳಬೇಕು.

ಡಾಕ್ಟರು ಗುಲಾಬಿಗೆ ಹೊಡೆಯುವ ಔಷಧಿಯ ಕಲೆಯಾದ ಸೀರೆ ನೋಡಿದರು, ಮಣ್ಣಿನ ಕಾಲು ನೋಡಿದರು. "ತಳ್ಳಿ ನಿಲ್ಲುಮಾ," ದೂರ ನಿಲ್ಲು ಎಂದರು. ಪಕ್ಕದಲ್ಲೇ ಖಾಲಿ ಕುರ್ಚಿಯಿತ್ತು. ಮೇಜಿನ ಮೇಲೆ ಕಿವಿ ನೋಡುವ ಟಾರ್ಚೂ ಇತ್ತು. ಅದನ್ನು ಅವರು ಮುಟ್ಟಲಿಲ್ಲ. ಕ್ಲೀನಾಗಿರೋದು ಕಲೀರಿ ಎಂದು ಬೈದು, ಕಿವಿಗೆ ಬಿಡುವ ಹನಿ ಬರೆದುಕೊಟ್ಟರು.

ಹನಿ ಮುಗಿಯಿತು, ನೋವು ಮುಗಿಯಲಿಲ್ಲ. ಮತ್ತೆ ಹೋದೆವು. "ತಲೇಗೂ ನೋವು ಹತ್ತೈತೆ ಅನ್ನು," ಎಂದು ಅಮ್ಮ ನನ್ನ ತೋಳು ಚಿವುಟಿದಳು. ಹೇಳಿದೆ. ಅದೇ ಹನಿ ಬಂತು.

ಒಂದು ಸಂಜೆ ಅಮ್ಮ ಕೆರೆ ಏರಿಯ ಕೆಳಗೆ ಹುಲ್ಲು ಕೊಯ್ಯುತ್ತಿದ್ದಳು. ಮೇಲಿಂದ ಜನ "ಆನೆ ಬತ್ತೈತೆ, ಓಡ್ರಲಾ!" ಎಂದು ಅರಚಿದರು. ಹೊಲದಲ್ಲಿದ್ದವರೆಲ್ಲ ಓಡಿದರು. ಅಮ್ಮ ತಲೆಯನ್ನೇ ಎತ್ತಲಿಲ್ಲ. ನಾನು ಏರಿ ಮೇಲಿಂದ ಇಳಿದು ಓಡಿಹೋಗಿ ಅವಳ ಕೈ ಹಿಡಿದು ಜಗ್ಗಿದೆ.

"ಯಾಕಮ್ಮಿ, ಹುಲ್ಲೆಲ್ಲ ಚೆಲ್ಲೋಯ್ತು!" ಎಂದು ಬೈದವಳು ನನ್ನ ಮುಖ ನೋಡಿ ಹಿಂದಕ್ಕೆ ತಿರುಗಿದಳು. ರಾಗಿ ಹೊಲದ ನಡುವೆ ಆನೆಯ ಬೆನ್ನು ಸರಿಯುತ್ತಿತ್ತು. ಇಬ್ಬರೂ ಓಡಿ ಮನೆ ಸೇರಿದೆವು. ಅಮ್ಮ ಬಾಗಿಲಲ್ಲೇ ಕೂತು, "ಕಿವಿಯೊಳ್ಗಿನ ಗುಂಯ್ ಸದ್ದಲ್ಲಿ ಅಷ್ಟು ಜನ ಕೂಗಿದ್ದು ನಂಗೆ ಕೇಳಿಸ್ಲೇ ಇಲ್ವಲ್ಲ," ಎಂದು ಅತ್ತಳು.

ಸುದ್ದಿ ಕೇಳಿ ಸರೋಜತ್ತೆ ಬಂದಳು. ಅವಳು ಅಪ್ಪನ ತಂಗಿ. ಗಂಡನಿಗೆ ಹೊಸೂರಿನ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ತನ್ನ ರೇಷ್ಮೆ ಸೀರೆ ತಂದು ಅಮ್ಮನಿಗೆ ಉಡಿಸಿದಳು. "ನೀನು ಬಾಯಿ ಬಿಡ್ಬ್ಯಾಡ ಅತ್ತಿಗೆ, ನಾನು ಮಾತಾಡ್ತೀನಿ."

ನಾನೂ ಜೊತೆಗೆ ಹೋದೆ. ಅದೇ ಆಸ್ಪತ್ರೆ, ಅದೇ ಡಾಕ್ಟರು. "ವಾಂಗಮ್ಮಾ, ಉಕ್ಕಾರುಂಗ," ಬನ್ನಿ, ಕೂತ್ಕೊಳ್ಳಿ ಎಂದು ಕುರ್ಚಿ ತೋರಿಸಿದರು. ಟಾರ್ಚು ಹೊತ್ತಿತು. ಕಿವಿಯೊಳಗೆ ಬಗ್ಗಿ ನೋಡುತ್ತ ನೋಡುತ್ತ ಅವರ ಮುಖ ಗಂಭೀರವಾಯಿತು. ಒಳಗಿನ ಮೂಳೆ ಕೊಳೆತಿದೆ, ಕೂಡಲೇ ಆಪರೇಷನ್ ಆಗಬೇಕು ಎಂದರು. ಆಮೇಲೆ ಅತ್ತೆಯನ್ನು ನೋಡಿ, ನಿಮ್ಮಂಥವರೇ ಇಷ್ಟು ದಿನ ಸುಮ್ಮನಿದ್ದರೆ ಹೇಗಮ್ಮ ಎಂದು ಕೇಳಿದರು.

ಅಮ್ಮ ಎದ್ದು ನಿಂತಳು. ಅತ್ತೆ ಸೆರಗು ಜಗ್ಗಿದರೂ ಕೂರಲಿಲ್ಲ. "ನಿಮ್ ತಾವ್ಕೇ ಬಂದಿದ್ದೆ ಸಾಮಿ. ಇಲ್ಲೇ, ಈ ಬಾಗ್ಲತ್ರ ನಿಂತಿದ್ದೆ. ನೀವು ನೋಡ್ನಿಲ್ಲ."

ನಾನು ಅದನ್ನು ತಮಿಳಿನಲ್ಲಿ ಗಟ್ಟಿಯಾಗಿ ಹೇಳಿದೆ. ಡಾಕ್ಟರು ಅಮ್ಮನ ಮುಖವನ್ನೇ ದಿಟ್ಟಿಸಿದರು. ಗುರುತು ಹತ್ತಲಿಲ್ಲ. ನಿಜವಾಗಿಯೂ ಹತ್ತಲಿಲ್ಲ. ದಿನಾ ಎಷ್ಟೋ ಜನ ಬರುತ್ತಾರೆ ಎಂದು ಗೊಣಗಿ ಬೆಂಗಳೂರಿನ ಆಸ್ಪತ್ರೆಗೆ ಚೀಟಿ ಬರೆಯತೊಡಗಿದರು.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ಎಡಗಿವಿ ಉಳಿಯಲಿಲ್ಲ. ಸ್ವಲ್ಪ ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಿದಾಗ ಅಮ್ಮ ಗೋಡೆ ಕಡೆ ತಿರುಗಿ ಮಲಗಿದಳು.

ಈಗ ನಾನೂ ಕಾರ್ಖಾನೆಯೊಂದರಲ್ಲಿ ಸಂಬಳದ ಕೆಲಸದಲ್ಲಿದ್ದೇನೆ. ಕಂಪನಿಯ ಇನ್ಶೂರೆನ್ಸ್ ಕಾರ್ಡು ತೋರಿಸಿದರೆ ಆಸ್ಪತ್ರೆಯವರು ತಾವಾಗಿ ಕುರ್ಚಿ ಎಳೆದು ಕೂರಿಸುತ್ತಾರೆ. ಅವರು ನಗುವಾಗಲೆಲ್ಲ ನನಗೆ ಅಂದಿನ ಆ ಖಾಲಿ ಕುರ್ಚಿ ನೆನಪಾಗುತ್ತದೆ. ವಯಸ್ಸಾಗಿ ಅಮ್ಮನ ಬಲಗಿವಿಯೂ ಮಂದವಾಗಿದೆ. ಬೀದಿಗೆಲ್ಲ ಕೇಳುವಂತೆ ಜಗಳವಾಡಿ, ಅಷ್ಟೇ ಜೋರಾಗಿ ನಗುತ್ತಿದ್ದವಳು ಈಗ ಯಾರು ಏನೆಂದರೂ ಸುಮ್ಮನೆ ತಲೆಯಾಡಿಸುತ್ತಾಳೆ.

ಮೊನ್ನೆ ಮಂಡಿನೋವಿಗೆ ಕರೆದುಕೊಂಡು ಹೋಗಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಒಳ್ಳೆಯವಳು. ಅಮ್ಮನ ಕೈ ಹಿಡಿದುಕೊಂಡು ಕನ್ನಡದಲ್ಲೇ, "ಹೇಳಿ ಅಮ್ಮ, ಏನಾಗ್ತಿದೆ? ನಿಧಾನವಾಗಿ ಹೇಳಿ," ಎಂದಳು.

ಅಮ್ಮ ನಗುತ್ತ ತಲೆಯಾಡಿಸಿ, ನನ್ನ ಕಡೆ ತಿರುಗಿ ಪಿಸುಗುಟ್ಟಿದಳು: "ಹೊರಕ್ಕೆ ಹೋಗು ಅಂದ್ರಾ ಅಮ್ಮಿ?"