ಜರ್ಮನಿ ದೇವಯ್ಯ
ಹಿರೀಸಾವೆಯ ರಸ್ತೆ ಬದಿಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ದೇವಯ್ಯ ಎಲ್ಲರ ಬಾಯಲ್ಲೂ ಜರ್ಮನಿ ದೇವಯ್ಯ. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಜರ್ಮನಿಯ ಪುಟ್ಟ ಪೇಟೆಯೊಂದರಲ್ಲಿ ಕೂಲಿ ಮಾಡಿ ಬಂದವನು. ಪಂಕ್ಚರ್ ಹಾಕಲು ಕೂತರೆ ಸಾಕು, ಆ ಊರಿನ ಕತೆ ಶುರು: ರಾಜರ ಕಾಲದ ಕೋಟೆಬಾಗಿಲು, ಕೋಳಿ ಕೂಗುವ ಮೊದಲೇ ಘಮ್ಮೆನ್ನುವ ಬ್ರೆಡ್ಡು, ಶನಿವಾರ ಬೀದಿಯನ್ನೇ ತಿಕ್ಕಿ ತೊಳೆಯುವ ಹೆಂಗಸರು. "ಅಲ್ಲಿ ನೊಣಾನೂ ಕಾಲು ತೊಳ್ಕೊಂಡೇ ಒಳೀಕ್ ಬತ್ತದೆ ಕಣ್ಲಾ!" ಕೇಳಿ ಕೇಳಿ ಹೆಂಡತಿ ಮುದ್ದಮ್ಮನಿಗೆ ಸಾಕಾಗಿತ್ತು. ಅರವತ್ತೆರಡನೇ ಇಸವಿಯ ಒಂದು ಮಧ್ಯಾಹ್ನ, ಶ್ರವಣಬೆಳಗೊಳಕ್ಕೆ ಹೊರಟಿದ್ದ ಜರ್ಮನಿಯವನೊಬ್ಬನ ಕಾರು ಪಂಕ್ಚರಾಗಿ ಅವನ ಅಂಗಡಿ ಮುಂದೆಯೇ ನಿಂತಿತು. "ನಿಜ್ವೋ ಬುರುಡೇನೋ ಇವತ್ತು ಗೊತ್ತಾಯ್ತದೆ" ಎಂದು ಜನ ಮುತ್ತಿಕೊಂಡರು. ಮುದ್ದಮ್ಮನೂ ಬಾಗಿಲಿಗೆ ಬಂದು ನಿಂತಳು. ದೇವಯ್ಯ ಆ ಊರಿನ ಹೆಸರು ಹೇಳಿದ. ಪರದೇಶದವನು ಮೆಲ್ಲಗೆ ತನ್ನ ಭಾಷೆಯಲ್ಲಿ ಏನೋ ಹೇಳಿದ. "ಯುದ್ಧದಲ್ಲಿ ಬಾಂಬು ಬಿದ್ದು ಆ ಊರು ಸುಟ್ಟು ಹೋಯ್ತಂತೆ, ಏನೂ ಉಳಿದಿಲ್ವಂತೆ" ಎಂದ ಜೊತೆಗಿದ್ದ ಗೈಡು. "ಗೊತ್ತು ಸಾ," ಎಂದ ದೇವಯ್ಯ, "ಎಣ ಎತ್ತಿ ಮಣ್ಣು ಮಾಡ್ದೋರು ನಾವೇ." ಇಷ್ಟು ವರ್ಷದಲ್ಲಿ ಆ ಮಾತೊಂದನ್ನು ಕೇಳಿರದಿದ್ದ ಮುದ್ದಮ್ಮ, ಅವನ ಕೈಯಿಂದ ಪಂಪು ತೆಗೆದುಕೊಂಡು ಅವನನ್ನು ಜಗಲಿಯ ಮೇಲೆ ಕೂರಿಸಿದಳು.