ಅರ್ಧ ತಲೆಯ ಬಾಡಿಗೆ

ಹೊಳಲ್ಕೆರೆಯ ಮನೆಗೆ ತಿಂಗಳಿಗೆ ಐದು ಸಾವಿರ ಬಾಡಿಗೆ, ನೀರಿಗೆ ತಲೆಗೆ ನೂರು. ನಾನು, ನನ್ನ ಯಜಮಾನರು, ಮಗಳು ಸೇರಿ ಮೂರು ತಲೆ. ನಾಯಿಯದು ಅರ್ಧ ತಲೆ, ಐವತ್ತು ರೂಪಾಯಿ. ಬಾಗಿಲು ಕೆರೆದೀತು ಎಂದು ನಾಯಿಯ ಲೆಕ್ಕದಲ್ಲೇ ಎರಡು ಸಾವಿರ ಬೇರೆ ಅಡ್ವಾನ್ಸು. ಸಂತೆಯಿಂದ ಸಂತೆಗೆ ನೈಟಿ, ಲಂಗ, ಮಕ್ಕಳ ಚಡ್ಡಿ ಮಾರಿ ಬದುಕು ಕಟ್ಟಿಕೊಂಡವಳು ನಾನು. ಗಿರಾಕಿಯೇ ಗೆದ್ದಳು ಅನ್ನಿಸಿ ಕಳಿಸುವುದು ನನ್ನ ಕಸುಬು. ಅಂಥವಳಿಗೂ ಇಷ್ಟಕ್ಕೆ ಇಳಿಸಲು ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು.

ಬೇರೆ ದಾರಿ ಇರಲಿಲ್ಲ. ಮತ್ತೋಡಿನ ಕಡೆ ನನ್ನ ಭಾವನವರದು ಕುರಿ ಹಿಂಡು. ಹಿಂಡಿನ ನಾಯಿಗೆ ಯಾವುದೋ ಬೈಕು ತಾಗಿ ಹಿಂಗಾಲು ಊನವಾಯಿತು. ಹಿಂಡು ಮೇವು ಹುಡುಕಿಕೊಂಡು ಊರೂರು ನಡೆಯಬೇಕು, ಕುಂಟು ನಾಯಿ ಎಲ್ಲಿ ನಡೆದೀತು? "ನಿಮ್ಮತ್ರ ಇದ್ರೆ ಉಳೀತೈತೆ ಕಣವ್ವ, ನನ್ನ ಹಿಂದೆ ಬಂದ್ರೆ ದಾರೀಲೇ ಬೀಳ್ತೈತೆ" ಎಂದು ಭಾವ ಅದನ್ನು ನಮ್ಮ ಲಗೇಜ್ ಆಟೊಗೆ ಹತ್ತಿಸಿಬಿಟ್ಟರು. ವಾಪಸ್ ಕಳಿಸುವ ಮಾತೇ ಇಲ್ಲ. ನಾವು ಬಿಟ್ಟರೆ ಅದಕ್ಕೆ ಬೀದಿಯೇ ಗತಿ.

ಹೆಸರೂ ಇರಲಿಲ್ಲ ಅದಕ್ಕೆ. ಹಿಂಡಿನಲ್ಲಿ ಎಲ್ಲರೂ 'ಲೇ' ಎಂದೇ ಕೂಗುತ್ತಿದ್ದರಂತೆ, ಅದಕ್ಕೇ ಓಗೊಡುತ್ತಿತ್ತು. ನಮ್ಮ ಸೀಮೆಯಲ್ಲಿ ಯಾರು ಯಾರನ್ನು 'ಲೇ' ಅನ್ನುವುದಿಲ್ಲ ಹೇಳಿ? ಬೀದಿಯಲ್ಲಿ ಗೆಳೆಯ ಗೆಳೆಯನನ್ನು ಕೂಗಿದರೂ ಇದು ಕುಂಟುತ್ತಾ ಓಡಿಹೋಗಿ ಮುಂದೆ ನಿಲ್ಲುತ್ತಿತ್ತು.

ನಾಯಿಯ ಜತೆ ಬಾಡಿಗೆ ಮನೆ ಹುಡುಕಲು ಹೊರಟರೆ, ಹಿರಿಯೂರಿನಲ್ಲಿ ಒಬ್ಬರು "ಮಕ್ಳು ಎಷ್ಟಾದ್ರೂ ಇರ್ಲಿ, ನಾಯಿ ಬ್ಯಾಡ" ಎಂದರು. ಹೊಸದುರ್ಗದಲ್ಲಿ ಇನ್ನೊಬ್ಬರು ಬಾಡಿಗೆ ಮೇಲೆ ಸಾವಿರ ಕೇಳಿ, ನಾಯಿ ಮಾತ್ರ ತಾರಸಿ ಮೇಲಿರಬೇಕು ಎಂದರು. ಮೆಟ್ಟಿಲು ಹತ್ತಲಾಗದ ನಾಯಿಗೆ ತಾರಸಿ! ಕೊನೆಗೆ ಸಿಕ್ಕಿದ್ದು ಹೊಳಲ್ಕೆರೆಯ ಈ ಮನೆ. ಮುಂದೆ ಹಿಟ್ಟಿನ ಗಿರಣಿ, ಹಿಂದೆ ಎರಡು ಮನೆ. ಒಂದರಲ್ಲಿ ಗಿರಣಿ ನಡೆಸುವ ಅಕ್ಕ, ಇನ್ನೊಂದು ಬಾಡಿಗೆಗೆ. ಗಂಡ ತೀರಿಹೋದ ಮೇಲೆ ಒಬ್ಬರೇ ಗಿರಣಿ ನಿಭಾಯಿಸಿದವರು. ತಲೆಗೆ ಬಟ್ಟೆ ಕಟ್ಟಿ, ರೆಪ್ಪೆಯವರೆಗೂ ಹಿಟ್ಟು ಮೆತ್ತಿಕೊಂಡೇ ಮಾತಿಗೆ ಬಂದರು.

"ಎಷ್ಟು ತಲೆ?"

"ಮೂರಕ್ಕ. ಜತೆಗೊಂದು ನಾಯಿ."

"ಹಂಗಾದ್ರೆ ನಾಕು."

"ಅದೇನು ಸ್ನಾನ ಮಾಡ್ತೈತಾ, ಬಟ್ಟೆ ಒಗೀತೈತಾ?"

"ಅದು ಮಾಡಿದ್ದನ್ನ ತೊಳೆಯಾಕೆ ನೀರು ಬ್ಯಾಡ್ವೇನವ್ವ?"

ಸೋಲುವ ಮಾತಾದರೆ ದಾರಿ ಬದಲಿಸಬೇಕು. "ನೀವು ತೂಕದ ವ್ಯಾಪಾರದೋರು, ತೂಕದ ಮೇಲೆ ಹೇಳ್ರಿ" ಎಂದೆ. ಕಾಳು ತೂಗುವ ಯಂತ್ರದ ಮೇಲೆ ನಾಯಿಯನ್ನು ನಿಲ್ಲಿಸಿದೆವು. ಇಪ್ಪತ್ತೆರಡು ಕೆ.ಜಿ. ಅದು ಇಳಿದ ಮೇಲೆ ನಾನೇ ಹತ್ತಿದೆ, ಅರವತ್ತೈದು. "ನೋಡ್ರಿ ಅಕ್ಕ, ನನ್ನ ಮೂರರಲ್ಲಿ ಒಂದು ಪಾಲು."

"ಬಾಲ ಹೊರಗಿತ್ತು ಕಣೆ, ಅದನ್ನ ಯಾರು ಸೇರಿಸ್ತಾರೆ? ಅರ್ಧ ತಲೆ. ಒಂದು ಕಾಸು ಕಮ್ಮಿ ಇಲ್ಲ" ಎಂದು ನಕ್ಕರು. ನಕ್ಕ ಮೇಲೆ ಗಂಭೀರವಾಗಿ ಇನ್ನೊಂದು ಸೇರಿಸಿದರು: "ಬೀದಿಯೋರು ದೂರು ತಂದ್ರೆ ಮಾತ್ರ ನಾಯಿ ಹೊರಗೆ. ನೀವು ಇರ್ರಿ, ಅದು ಬ್ಯಾಡ."

ದೂರು ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಹಗಲೆಲ್ಲ ತೆಪ್ಪಗೆ ಬಿದ್ದಿರುತ್ತಿದ್ದ ನಾಯಿ, ಬೀದಿದೀಪ ಹತ್ತಿದ ಕೂಡಲೇ ಗೇಟಿನ ಬಳಿ ನಿಂತು ಬೊಗಳಲು ಶುರು ಮಾಡುತ್ತಿತ್ತು. ಗದರಿದೆ, ರೊಟ್ಟಿ ಹಾಕಿದೆ, ಒಳಗೆ ಕೂಡಿದೆ. ಬಾಗಿಲು ಕೆರೆಯಿತೇ ಹೊರತು ಬಾಯಿ ಮುಚ್ಚಲಿಲ್ಲ. ಅಕ್ಕ ಆ ಹೊತ್ತಿಗೆ ಗಿರಣಿ ಮುಚ್ಚಿ, ತಂಗಿಯ ಜತೆ ಕುಂತು ಧಾರಾವಾಹಿ ನೋಡಲು ಪಕ್ಕದ ಬೀದಿಯ ಅವರ ಮನೆಗೆ ಹೋಗಿರುತ್ತಿದ್ದರು. ಬೊಗಳಿದ್ದು ಅವರ ಕಿವಿಗೆ ಬೀಳದಿದ್ದರೂ ಬೀದಿಯವರ ಮಾತು ಬಿತ್ತು.

"ತಿಂಗಳ ಕೊನೆಗೆ ನಾಯೀನ ಎಲ್ಲಾರ ಬಿಟ್ಟು ಬರ್ರಿ" ಎಂದರು.

ಇನ್ನೂರು ಹೆಚ್ಚು ಕೊಡುತ್ತೇನೆ ಎಂದೆ. "ದುಡ್ಡಿನ ಮಾತಲ್ಲ ಇದು, ಬೀದಿಯೋರ ಮಾತು" ಎಂದು ಎದ್ದು ಹೋದರು. ದುಡ್ಡು ಬೇಡ ಎನ್ನುವವರ ಜತೆ ಚೌಕಾಸಿ ಮಾಡುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮಗಳು ಊಟ ಬಿಟ್ಟು ನಾಯಿಯ ಪಕ್ಕ ಕುಂತಳು.

ಯಜಮಾನರು ಆಟೊ ಬಾಡಿಗೆ ಮುಗಿಸಿ ಬರುವಾಗ ಸಾಮಾನ್ಯವಾಗಿ ಊಟದ ಹೊತ್ತು ಆಗಿರುತ್ತಿತ್ತು. ಒಂದು ದಿನ ಬೇಗ ಬಂದರು, ನಾಯಿ ಬೊಗಳುವುದನ್ನು ನಿಂತು ನೋಡಿದರು. ಕುರಿ ಕಾಯ್ದೇ ಬೆಳೆದವರು ಅವರು. "ಇದು ಬೊಗಳ್ತಿಲ್ಲ, ಕರೀತೈತೆ. ಹಿಂಡಿನಾಗೆ ಒಂದು ತಲೆ ಕಮ್ಮಿ ಬಂದ್ರೂ ಹಿಂಗೇ ಮಾಡ್ತಿತ್ತು" ಎಂದರು.

"ಕಮ್ಮಿ ಎಲ್ಲೈತೆ? ಮೂರು ಜನಾನೂ ಮನೇಲೇ ಇದೀವಲ್ಲ?"

"ಅದು ನಿನ್ನ ಲೆಕ್ಕ. ಅದರ ಲೆಕ್ಕದಾಗೆ ಗಿರಣಿ ಅಕ್ಕಾನೂ ಅವ್ರೆ."

ಬೆಳಿಗ್ಗೆಯೇ ಗಿರಣಿಗೆ ಹೋಗಿ ಹೇಳಿದೆ. ಅಕ್ಕ ಕಣ್ಣು ಕಿರಿದು ಮಾಡಿದರು. "ನೈಟಿ ಮಾರೋ ಮಾತು ನನ್ನತ್ರ ಬ್ಯಾಡ ಕಣೆ."

"ಒಂದು ಸಂಜೆ ಇದ್ದು ನೋಡ್ರಿ. ಸುಳ್ಳಾದ್ರೆ ನಾನೇ ಬಿಟ್ಟು ಬರ್ತೀನಿ."

ಅವತ್ತು ಸಂಜೆ ಯಜಮಾನರೂ ಬೇಗ ಬಂದರು, ಅಕ್ಕ ಧಾರಾವಾಹಿ ಬಿಟ್ಟು ನಮ್ಮ ಕಟ್ಟೆಯ ಮೇಲೆ ಕುಂತರು. ಬೀದಿದೀಪ ಹತ್ತಿತು. ನಾಯಿ ಎಲ್ಲರನ್ನೂ ಒಮ್ಮೆ ಮೂಸಿ, ಗೇಟಿಗೆ ಬೆನ್ನು ಹಾಕಿ ಮಲಗಿತು. ಅಕ್ಕ ಸುಮ್ಮನೆ ಎದ್ದು, ಗೇಟು ದಾಟಿ, ಬೀದಿ ತಿರುವಿನವರೆಗೆ ಹೋದರು. ಬೊಗಳು ಶುರುವಾಯಿತು. ಅವರು ಬಂದು ಒಳಗೆ ಕಾಲಿಟ್ಟ ಕೂಡಲೇ ನಿಂತಿತು. ನಂಬಿಕೆ ಸಾಲದೆ ಮತ್ತೆ ಹೋಗಿ ಬಂದರು. ಆಮೇಲೆ ಅದರ ತಲೆಯ ಮೇಲೆ ಮೆಲ್ಲಗೆ ಮೊಟಕಿ, "ಥೂ ನಿನ್ನ, ಕಟ್ಕಂಡೋನೂ ನನ್ನ ಹಿಂಗೆ ಕಾಯ್ಲಿಲ್ಲ ಕಣೋ" ಎಂದರು.

ಮಾರನೆಯ ದಿನದಿಂದ ತಂಗಿಯೇ ಇಲ್ಲಿಗೆ ಧಾರಾವಾಹಿ ನೋಡಲು ಬರತೊಡಗಿದರು, ಯಜಮಾನರೂ ದೀಪ ಹತ್ತುವ ಮೊದಲೇ ಮನೆ ಸೇರತೊಡಗಿದರು. ದೂರು ನಿಂತಿತು. ನಾನೂ ಸುಮ್ಮನಿರದೆ, "ನಿಮ್ಮನ್ನೂ ಕಾಯ್ತೈತಲ್ಲ ಅಕ್ಕ, ಆ ಐವತ್ತು ಬಿಟ್ಟುಬಿಡ್ರಿ" ಎಂದೆ. "ನಾನು ಅದರ ಕುರಿ ಆದ್ರೂ ನೀರಿನ ದುಡ್ಡು ಬಿಡಾಕಿಲ್ಲ" ಎಂದರು. ಬಿಡಲೂ ಇಲ್ಲ. ಆದರೆ ದಿನಾ ಒಂದು ಜೋಳದ ರೊಟ್ಟಿ ಗೇಟಿನ ಹತ್ತಿರ ಬೀಳುತ್ತಿತ್ತು. 'ಲೇ' ಹೋಗಿ 'ಬಾರಪ್ಪ' ಆಯಿತು.

ಮಗಳಿಗೆ ದುರ್ಗದ ಕಾಲೇಜಿನಲ್ಲಿ ಸೀಟು ಸಿಕ್ಕಿದಾಗ ಮನೆ ಬಿಡಬೇಕಾಯಿತು. ನಾಯಿಯ ಅಡ್ವಾನ್ಸಿನಲ್ಲಿ ಬಾಗಿಲ ಗೀರಿಗೆಂದು ಆರುನೂರು ಹಿಡಿದರು. "ಆ ಗೀರು ನಿಮ್ಮನ್ನ ಕಾದಾಗ ಬಿದ್ದಿದ್ದು. ಅರ್ಧ ನಿಮ್ಮದು, ಅರ್ಧ ನಮ್ಮದು" ಎಂದೆ. ಮುನ್ನೂರು ವಾಪಸು ಬಂತು.

ಸಾಮಾನೆಲ್ಲ ಆಟೊ ಸೇರಿತು, ನಾಯಿ ಸೇರಲಿಲ್ಲ. ಎತ್ತಿ ಕೂರಿಸಿದರೆ ಇಳಿಯಿತು, ಇಳಿದು ಗಿರಣಿಯ ಬಾಗಿಲಿಗೆ ಹೋಗಿ ನಿಂತಿತು. ಕಟ್ಟಿ ಒಯ್ಯೋಣವೆಂದರೆ ಯಜಮಾನರು ಒಪ್ಪಲಿಲ್ಲ. "ಕಟ್ಟಿದ್ರೆ ಅನ್ನ ಬಿಡ್ತೈತೆ." ಅಕ್ಕ ಒಂದು ಗಳಿಗೆ ನೋಡಿದರು. ಗಿರಣಿಗೆ ಬೀಗ ಹಾಕಿ, ಹಿಟ್ಟಿನ ಮೈಯಲ್ಲೇ ಬಂದು ಮುಂದಿನ ಸೀಟಿನಲ್ಲಿ ಕುಂತರು. "ಒಂದೊಪ್ಪತ್ತು ಮುಚ್ಚಿದ್ರೆ ಊರೇನು ಉಪವಾಸ ಬೀಳಾಕಿಲ್ಲ. ನಡೀರಿ ಹೋಗಾಣ. ಬರೋವಾಗ ಬಸ್ಸು ನನಗೆ ಫ್ರೀ ಐತೆ." ನಾಯಿ ತಾನೇ ಬಂದು ಆಟೊದ ಮೇಲೆ ಮುಂಗಾಲಿಟ್ಟಿತು.

ದುರ್ಗದ ಮನೆಯ ಮಾಲೀಕರು ನೀರಿನ ಲೆಕ್ಕಕ್ಕೆ ನಮ್ಮನ್ನೆಲ್ಲ ಎಣಿಸಿ, "ನಾಕು ತಲೆ, ಮೇಲೊಂದು ನಾಯಿ, ಐದು ಅನ್ನಿ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಮೂರೂವರೆ ಕಣಪ್ಪ. ನಾನು ವಾಪಸು ಹೋಗೋಳು. ನಾಯಿಗೆ ಅರ್ಧಕ್ಕಿಂತ ಮೇಲೆ ಕೇಳಬ್ಯಾಡ, ನಾನೇ ತೂಕ ಹಾಕಿ ನೋಡೀನಿ" ಎಂದರು. ಅರ್ಧಕ್ಕೇ ಮುಗಿಯಿತು.

ಹೊರಡುವಾಗ ಅಕ್ಕ ತಲೆಯ ಬಟ್ಟೆ ಬಿಚ್ಚಿ ನಾಯಿಯ ಮುಂದೆ ಹಾಕಿದರು. "ಬಾರಪ್ಪ, ಇದನ್ನ ಕಾಯ್ತಿರು." ಆ ಸಂಜೆ ಅದು ನಾಲ್ಕು ಸಲ ಬೊಗಳಿತು. ಬಟ್ಟೆಯನ್ನು ಮೂಸಿತು. ಆಮೇಲೆ ಅದರ ಮೇಲೆ ಗದ್ದ ಇಟ್ಟು ಮಲಗಿತು.

ನಾಯಿ ಬೆಕ್ಕು ಇಟ್ಟುಕೊಂಡು ಮನೆ ಹುಡುಕುವವರಿಗೆ ನನ್ನ ಮಾತು ಇಷ್ಟೇ. ಪ್ರಾಣಿಯನ್ನು ಬಚ್ಚಿಟ್ಟು ಮನೆ ಹಿಡಿಯಬೇಡಿ, ಜತೆಗೇ ಕರೆದೊಯ್ಯಿರಿ, ಹೊಟ್ಟೆ ತುಂಬಿಸಿ ಕರೆದೊಯ್ಯಿರಿ. ಸೂಜಿ ಹಾಕಿಸಿದ ಚೀಟಿ ಕೈಯಲ್ಲಿರಲಿ. 'ನಾಯಿಗೆ ಇಷ್ಟು' ಎಂದು ಒಟ್ಟಿಗೆ ಕೇಳಿದರೆ ಒಪ್ಪದೆ, ನೀರಿಗೆಷ್ಟು, ಬಾಗಿಲಿಗೆಷ್ಟು ಎಂದು ಬಿಡಿಸಿ ಕೇಳಿ. ಬಿಡಿಸಿದ್ದು ತಾನೇ ಇಳಿಯುತ್ತದೆ. ಬಾಗಿಲು ಗೋಡೆಯ ಫೋಟೊ ಮನೆ ಸೇರಿದ ದಿನವೇ ತೆಗೆದಿಡಿ. ದೂರು ಬಂದರೆ ನಾಯಿಯನ್ನು ಹೊಡೆಯುವ ಮೊದಲು ಅದು ಯಾರನ್ನು ಕರೆಯುತ್ತಿದೆ ನೋಡಿ. ಮತ್ತೆ, ಮನೆ ಬಿಡುವ ದಿನ ಗಾಡಿಯ ಮುಂದಿನ ಸೀಟನ್ನು ಸಾಮಾನಿನಿಂದ ತುಂಬಬೇಡಿ.