ಶಾಭಾಷ್ ಅನ್ನುವ ರೇಡಿಯೋ

ನಾನು ಚಿಕ್ಕವನಿದ್ದಾಗ ನಮ್ಮ ಶಾಲೆಗೆ ಒಂದು ರೇಡಿಯೋ ಬಂತು. ಹಾಡು ಹೇಳುವ ರೇಡಿಯೋ ಅಲ್ಲ, ಪಾಠ ಹೇಳುವ ರೇಡಿಯೋ. ನಗಬೇಡಿ. ನನ್ನ ಮೀಸೆ ಇನ್ನೂ ಕಪ್ಪಗಿದೆ, ಆದರೂ ನಿಮ್ಮ ಅಜ್ಜಿಯ ತಮ್ಮ ಎಂಬ ಒಂದೇ ತಪ್ಪಿಗೆ ನೀವು ನನ್ನನ್ನು ಸಣ್ಣಜ್ಜ ಎಂದು ಕರೆಯುತ್ತೀರಿ. ಅಜ್ಜ ಅನ್ನಿಸಿಕೊಂಡ ಮೇಲೆ ಹಳೆಯ ಕತೆ ಹೇಳುವ ಹಕ್ಕೂ ನನ್ನದೇ. ಈ ಕತೆಯಲ್ಲಿ ಬರುವ ಅಕ್ಕ ಅಂದರೆ ನಿಮ್ಮ ಅಜ್ಜಿ. ಆಗ ಅವಳಿಗೆ ಹತ್ತು ವರ್ಷ, ನಾಲ್ಕನೇ ಇಯತ್ತೆಯಲ್ಲಿದ್ದಳು. ನಾನು ಎರಡನೇ ಇಯತ್ತೆ.

ನಮ್ಮೂರು ಸಂಕೇಶ್ವರದಿಂದ ಎರಡು ಹರದಾರಿ ದೂರ, ಹಿರಣ್ಯಕೇಶಿ ಹೊಳೆಯ ದಂಡೆಯಲ್ಲಿ. ಶಾಲೆಗೆ ಎರಡು ಕೋಣೆ, ಒಬ್ಬರೇ ಮಾಸ್ತರರು. ಒಂದು ಕೋಣೆ ಸೋರುತ್ತಿದ್ದುದರಿಂದ ನಾಲ್ಕೂ ಇಯತ್ತೆಯವರು ಇನ್ನೊಂದರಲ್ಲೇ ಸಾಲಾಗಿ ಕೂಡುತ್ತಿದ್ದೆವು. ಸಕ್ಕರೆ ಕಾರ್ಖಾನೆಯ ಕಡೆಯಿಂದ ಗಾಳಿ ಬೀಸಿದರೆ ಕಾಕಂಬಿಯ ಹುಳಿ ವಾಸನೆ ಕೋಣೆಯ ತುಂಬ ಹರಡುತ್ತಿತ್ತು. ನೆಲಕ್ಕೆ ಸೆಗಣಿ ಸಾರಿಸಿರುತ್ತಿದ್ದೆವು. ಚಳಿಗಾಲದಲ್ಲಿ ಅದು ಒಣಗದೆ ಚಡ್ಡಿಗೆ ಅಂಟಿಕೊಂಡು, ಸಂಜೆ ಮನೆಗೆ ಹೋದಾಗ ಅವ್ವನಿಂದ ಬೈಗುಳ ತಿನ್ನಿಸುತ್ತಿತ್ತು.

ಆ ಕೋಣೆಯಲ್ಲಿ ಒಂದು ಸ್ಟೂಲಿನ ಮೇಲೆ ರೇಡಿಯೋ. ಅದರ ಮೇಲೆ ಮಾಸ್ತರರ ಹೆಂಡತಿ ಕಸೂತಿ ಹಾಕಿದ ಬಟ್ಟೆ. ವಾರಕ್ಕೆರಡು ದಿನ ಬಟ್ಟೆ ಸರಿಸಿ, ಮಾಸ್ತರರು ನಾಲಿಗೆಯನ್ನು ತುಟಿಯ ಮೂಲೆಗೆ ಇಟ್ಟುಕೊಂಡು ತಿರುಪು ತಿರುಗಿಸುತ್ತಿದ್ದರು. ಮುಳ್ಳು ಕೂದಲೆಳೆಯಷ್ಟು ಸರಿದರೂ ಮರಾಠಿ ವಾರ್ತೆ ಬರುತ್ತಿತ್ತು. ಸರಿಯಾಗಿ ಕೂತರೆ ಮೊದಲು ಕೊಳಲಿನ ನಾದ, ಆಮೇಲೆ ಒಬ್ಬ ಹೆಂಗಸಿನ ದನಿ. ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಅನ್ನುತ್ತಾರೆ, ಹಾಗಾಗಿ ಅವಳನ್ನು ನಾವು ರೇಡಿಯೋ ಅಕ್ಕೋರು ಅನ್ನುತ್ತಿದ್ದೆವು. ನಾವು ಮನಿ, ಸಾಲಿ ಅಂದರೆ ಅವಳು ಮನೆ, ಶಾಲೆ ಅನ್ನುವಳು. ಅವಳು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದಳು. ನಾವು ಗಂಟಲು ಹರಿಯುವಂತೆ ಉತ್ತರ ಕೂಗುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಅವಳು, ‘ಶಾಭಾಷ್ ಮಕ್ಕಳೇ! ಸರಿಯಾಗಿ ಹೇಳಿದಿರಿ’ ಅನ್ನುವಳು.

ಅವಳಿಗೆ ನಮ್ಮ ದನಿ ಕೇಳಿಸುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಕೇಳಿಸದಿದ್ದರೆ ಶಾಭಾಷ್ ಎಂದು ಹೇಗೆ ಹೇಳುತ್ತಾಳೆ? ಒಮ್ಮೆ ಊಟದ ಬಿಡುವಿನಲ್ಲಿ ರೇಡಿಯೋದ ಹಿಂದಿನ ತೂತುಗಳಿಗೆ ಬಾಯಿಟ್ಟು, ‘ಅಕ್ಕೋರ, ಊಟಾ ಆತ್ರೀ?’ ಎಂದು ವಿಚಾರಿಸಿದ್ದೆ. ಉತ್ತರ ಬರಲಿಲ್ಲ. ಊಟಕ್ಕೆ ಹೋಗಿರಬೇಕು ಅಂದುಕೊಂಡೆ.

ಅಕ್ಕ ಮಾತ್ರ ಆ ದನಿಯನ್ನು ಹೊತ್ತುಕೊಂಡು ಮನೆಗೆ ಬರುತ್ತಿದ್ದಳು. ಸಂಜೆ ಒಲೆಯ ಮುಂದೆ ಮೊರವನ್ನು ಮುಖಕ್ಕೆ ಅಡ್ಡ ಹಿಡಿದು ಅದರ ಹಿಂದಿನಿಂದ, ‘ಮಕ್ಕಳೇ, ಈಗ ನಾವು ಲೆಕ್ಕ ಮಾಡೋಣವೇ?’ ಎಂದು ಥೇಟ್ ಅವಳಂತೆಯೇ ಕೇಳುವಳು. ನನಗೆ ಮಗ್ಗಿ ಬಂದದ್ದು ಆ ಮೊರದಿಂದ. ನಾಲ್ಕೂ ಇಯತ್ತೆಗೆ ಸೇರಿ ಅಕ್ಕನೇ ಜಾಣೆ. ಬೋರ್ಡಿನ ಮೇಲೆ ಮಾಸ್ತರರು ಅವಸರದಲ್ಲಿ ತಪ್ಪಿ ಬರೆದರೆ ಅವಳು ಮೆಲ್ಲಗೆ ಕೆಮ್ಮುತ್ತಿದ್ದಳು. ಅವರು ಒರೆಸಿ ಸರಿಮಾಡಿಕೊಳ್ಳುತ್ತಿದ್ದರು.

ಆ ವರ್ಷವೇ ನಮಗೆ ತಮ್ಮ ಹುಟ್ಟಿದ್ದ. ಅವ್ವ ಕಬ್ಬಿನ ಹೊಲಕ್ಕೆ ಕಳೆ ತೆಗೆಯಲು ಹೋಗಲೇಬೇಕಾಗಿತ್ತು. ಹಾಗಾಗಿ ಅಕ್ಕ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಶಾಲೆಗೆ ಬರುತ್ತಿದ್ದಳು. ಆಗ ಅದೇನೂ ಹೊಸದಲ್ಲ. ಮಾಸ್ತರರು ಪಾಠ ಹೇಳುವಾಗ ಕೂಸು ಅತ್ತರೆ ದನಿ ಏರಿಸಿಕೊಂಡು ಹೇಳುತ್ತಿದ್ದರು. ಆದರೆ ರೇಡಿಯೋಕ್ಕೆ ದನಿ ಏರಿಸಲು ಬರುತ್ತಿರಲಿಲ್ಲ. ಅದಕ್ಕೆ ಪೂರ್ತಿ ನಿಶ್ಶಬ್ದ ಬೇಕು.

ರೇಡಿಯೋ ಪಾಠ ನೋಡಲು ಒಬ್ಬ ಸಾಹೇಬರು ಬರುವವರಿದ್ದರು. ಹಿಂದಿನ ದಿನ ಮಾಸ್ತರರು ಅಕ್ಕನನ್ನು ಕರೆದು, ‘ನೋಡವಾ, ನಾಳೆ ಕೂಸಿನ್ನ ತರಬ್ಯಾಡ. ಅದು ಅತ್ತರ ರೇಡಿಯೋ ಕೇಳಸೂದಿಲ್ಲ, ಸಾಹೇಬ್ರು ನನಗ ಬೈತಾರ’ ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಹೆದರಿದ್ದರು, ಅಷ್ಟೇ.

ರಾತ್ರಿ ಊಟಕ್ಕೆ ಕೂತಾಗ ಅಕ್ಕ ಅದನ್ನು ಅಪ್ಪನಿಗೆ ಹೇಳಿದಳು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಲೂ ಇಲ್ಲ. ‘ಮಾಸ್ತರು ಕೂಸಿನ ಕೂಡ ನಿನ್ನ ಕುಂದ್ರಸಿಕೊಂಡ್ರ ಹೋಗು. ಇಲ್ಲಾಂದ್ರ ನಾಳಿಂದ ಮನ್ಯಾಗ ಇರು. ಅದು ನಡ್ಯಾಕ ಕಲತ ಮ್ಯಾಲ ಹೋದ್ರಾತು’ ಎಂದ. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಅಕ್ಕನ ತಾಟಿನಲ್ಲಿ ರೊಟ್ಟಿ ಹಾಗೇ ಉಳಿಯಿತು.

ಬೆಳಿಗ್ಗೆ ಅಕ್ಕ ಒಂದು ಉಪಾಯ ಮಾಡಿದಳು. ಕೂಸಿಗೆ ಹೊಟ್ಟೆ ತುಂಬ ಗಂಜಿ ಕುಡಿಸಿ, ಎಣ್ಣೆ ತಿಕ್ಕಿ, ಬಿಸಿ ನೀರು ಹಾಕಿ, ನಿದ್ದೆಗೆ ಜಾರುವ ಹೊತ್ತಿಗೆ ಸರಿಯಾಗಿ ಶಾಲೆಗೆ ತಂದಳು. ಒಂದು ಬೆಲ್ಲದ ಹರಳನ್ನು ಬಟ್ಟೆಯಲ್ಲಿ ಕಟ್ಟಿ ಚೀಪಲು ಕೊಟ್ಟಿದ್ದಳು. ಕಟ್ಟಕಡೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂತಳು. ಕೂಸು ನಿದ್ದೆ ಹೋಗಿತ್ತು. ಮಾಸ್ತರರು ನೋಡಿಯೂ ನೋಡದಂತೆ ಇದ್ದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಇನ್ನೇನು ಗೆದ್ದೆವು ಅಂದುಕೊಂಡೆ.

ಸಾಹೇಬರು ಮೋಟಾರ್ ಸೈಕಲ್ ಮೇಲೆ ಬಂದರು. ಕುರ್ಚಿಯ ಮೇಲೆ ಕೂತು ವಹಿ ತೆರೆದರು. ಮಾಸ್ತರರು ತಿರುಪು ತಿರುಗಿಸಿದರು. ಕೊಳಲು ಜೋರಾಗಿ ಮೊಳಗಿತು, ನೋಡಿ, ಕೂಸು ಬೆಚ್ಚಿಬಿದ್ದು ಎದ್ದಿತು. ಬೆಲ್ಲವೂ ಬೇಡ, ಬಟ್ಟೆಯೂ ಬೇಡ. ಕೋಣೆಯ ಹಂಚು ಹಾರಿಹೋಗುವಂತೆ ಅದು ಅತ್ತಿತು. ಸಾಹೇಬರು ತಲೆ ಎತ್ತಿದರು. ಮಾಸ್ತರರು ಬಾಗಿಲ ಕಡೆ ಕಣ್ಸನ್ನೆ ಮಾಡಿದರು. ಅಕ್ಕ ಎದ್ದು, ಕೂಸನ್ನು ಹೆಗಲಿಗೆ ಹಾಕಿಕೊಂಡು, ಬರೆಯುವ ಪಾಟಿಯನ್ನು ಅಲ್ಲೇ ಬಿಟ್ಟು ಹೊರಗೆ ಹೋದಳು. ಕಿಟಕಿಯ ಕೆಳಗೆ ಅವಳು ಕೂತದ್ದು, ಕೂಸು ಬಿಕ್ಕುತ್ತಿದ್ದದ್ದು ನನಗೆ ಕೇಳುತ್ತಿತ್ತು.

‘ಮಕ್ಕಳೇ, ಗಿಡ ಬೆಳೆಯಲು ಏನೇನು ಬೇಕು? ಜೋರಾಗಿ ಹೇಳಿ ನೋಡೋಣ!’ ಎಂದಳು ರೇಡಿಯೋ ಅಕ್ಕೋರು.

ಪಾಠದ ಪುಸ್ತಿಕೆ ಮೊದಲೇ ಬಂದಿತ್ತು, ಮೂರು ದಿನದಿಂದ ಮಾಸ್ತರರು ಬಾಯಿಪಾಠ ಮಾಡಿಸಿದ್ದರು. ‘ನೀರು, ಬೆಳಕು, ಗಾಳಿ, ಮಣ್ಣು!’ ಎಂದು ಎಲ್ಲರೂ ಒಂದೇ ಉಸಿರಿಗೆ ಕೂಗಿ ಮುಗಿಸಿದರು. ರೇಡಿಯೋ ಇನ್ನೂ ಸುಮ್ಮನಿತ್ತು. ಈಗ ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಎದ್ದು ನಿಂತು, ಇದ್ದಷ್ಟೂ ದನಿಯಲ್ಲಿ ಕಿರುಚಿದೆ:

‘ಅಕ್ಕೋರ, ನಮ್ಮ ಅಕ್ಕನ್ನ ಒಳಗ ಕರೀರಿ! ಆಕಿಗೆ ಸಾಲಿ ಬಿಡಸಬ್ಯಾಡಂತ ನಮ್ಮಪ್ಪಗ ಹೇಳ್ರಿ!’

‘ಶಾಭಾಷ್ ಮಕ್ಕಳೇ! ಸರಿಯಾಗಿ ಹೇಳಿದಿರಿ’ ಎಂದಳು ರೇಡಿಯೋ ಅಕ್ಕೋರು.

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಸಾಹೇಬರೂ ಹೊಟ್ಟೆ ಕುಣಿಸಿ ನಕ್ಕರು. ‘ಹುಡುಗೂರು ಭಾಳ ಹುಷಾರ್ ಅದಾವ್ರಿ ಮಾಸ್ತರ, ರೇಡಿಯೋದ ಕೂಡ ಮಾತಾಡಾಕತ್ಯಾವ’ ಎಂದು ವಹಿಯಲ್ಲಿ ಏನೋ ಬರೆದುಕೊಂಡರು. ಮಾಸ್ತರರು ನನ್ನನ್ನು ನೋಡಲಿಲ್ಲ. ಕಿಟಕಿಯ ಕಡೆಗೂ ನೋಡಲಿಲ್ಲ. ಅಕ್ಕನನ್ನು ಯಾರೂ ಒಳಗೆ ಕರೆಯಲಿಲ್ಲ.

ಅವರು ನಕ್ಕದ್ದು ನನಗೆ ತಾಗಲೇ ಇಲ್ಲ. ಪಾಠ ಮುಗಿದದ್ದೇ ತಡ, ಹೊರಗೆ ಓಡಿದೆ. ಅಕ್ಕ ಗೋಡೆಗೆ ತಲೆ ಆನಿಸಿ ಕೂತಿದ್ದಳು. ಕೂಸು ಅತ್ತು ಅತ್ತು ಮತ್ತೆ ಮಲಗಿತ್ತು. ಅದರ ಗಲ್ಲದ ಮೇಲೆ ಬೆಲ್ಲದ ಜೊಲ್ಲು, ಅದರ ಸುತ್ತ ನೊಣ.

‘ಅಕ್ಕಾ, ರೇಡಿಯೋ ಅಕ್ಕೋರು ಹೂಂ ಅಂದ್ರು! ನೀ ಕೇಳಿಲ್ಲೇನ?’ ಎಂದೆ.

ಅಕ್ಕ ನೊಣ ಓಡಿಸಿದಳು. ಅವಳು ಎಲ್ಲವನ್ನೂ ಕೇಳಿದ್ದಳು.

‘ಆಕಿ ಎಲ್ಲಾರಿಗೂ ಹಂಗ ಅಂತಾಳೋ ಹುಚ್ಚಾ. ಮೊನ್ನಿ ನನಗ ಉತ್ತರ ಬರಲಿಲ್ಲ, ಸುಮ್ಮನ ಕುಂತಿದ್ನಿ. ನನಗೂ ಶಾಭಾಷ್ ಅಂದ್ಲು’ ಎಂದಳು.

ನನಗೆ ಅಳು ಬಂತು. ಅವಳು ಅಳಲಿಲ್ಲ. ಒಳಗೆ ಹೋಗಿ ತನ್ನ ಪಾಟಿ ತೆಗೆದುಕೊಂಡು ಬಾ ಎಂದಳು. ತಂದುಕೊಟ್ಟೆ.

ಮರುದಿನದಿಂದ ನಾನೊಬ್ಬನೇ ಶಾಲೆಗೆ ಹೋದೆ. ಕೂಸನ್ನು ನಾನೂ ಎತ್ತಿಕೊಳ್ಳಬಹುದಾಗಿತ್ತು, ಅಲ್ಲವೇ? ಒಂದು ದಿನ ಅವಳು, ಒಂದು ದಿನ ನಾನು. ಅದು ಅಪ್ಪನಿಗೆ ಹೊಳೆಯಲಿಲ್ಲ, ಮಾಸ್ತರರಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಈಗ ಹೊಳೆದು ಏನು ಮಾಡಲಿ? ನೆನೆದಾಗಲೆಲ್ಲ ನಾಚಿಕೆಯಾಗುತ್ತದೆ.

ಮೊದಮೊದಲು ಸಂಜೆ ಅಕ್ಕ, ‘ಇವತ್ತು ಆಕಿ ಏನ್ ಕೇಳಿದ್ಲು?’ ಎನ್ನುತ್ತಿದ್ದಳು. ನಾನು ಅರ್ಧಮರ್ಧ ಹೇಳುತ್ತಿದ್ದೆ. ಉಳಿದರ್ಧವನ್ನು ಅವಳೇ ಊಹಿಸಿ ನನಗೆ ಹೇಳಿಕೊಡುತ್ತಿದ್ದಳು. ಕಬ್ಬು ಕಡಿಯುವ ಹೊತ್ತಿಗೆ ಅವಳು ಕೇಳುವುದನ್ನು ಬಿಟ್ಟಳು. ಮೊರದಿಂದ ಜೋಳ ಮಾತ್ರ ಕೇರಿದಳು. ರೇಡಿಯೋದ ಸೆಲ್ಲು ಮುಗಿದವು, ಹೊಸವು ಬರಲಿಲ್ಲ. ಮಾಸ್ತರರು ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಯಾವ ರೇಡಿಯೋಕ್ಕಾಗಿ ಅಕ್ಕ ಹೊರಗೆ ಹೋದಳೋ ಅದು ಒಂದು ವರ್ಷವೂ ಮಾತಾಡಲಿಲ್ಲ. ಯುಗಾದಿಯ ಹೊತ್ತಿಗೆ ತಮ್ಮ ನಡೆಯಲು ಕಲಿತ. ಅಷ್ಟರಲ್ಲಿ ಅವ್ವನಿಗೆ ಹೊಲದಲ್ಲಿ ಜೊತೆಗೊಂದು ಕೈ ಬೇಕಾಗಿತ್ತು. ಅಕ್ಕ ಕಳೆ ತೆಗೆಯುವ ಕುರ್ಪಿ ಹಿಡಿದು ಹೊರಟಳು. ಹದಿನಾರಕ್ಕೆ ಅವಳ ಮದುವೆಯಾಯಿತು.

ನಿಮ್ಮ ಶಾಲೆಯಲ್ಲಿ ಗೋಡೆಯಗಲದ ಪರದೆಯಿದೆ. ಮನೆಯಲ್ಲಿ ನಿಮ್ಮ ಕೈಗೊಂದು ಟ್ಯಾಬ್ ಇದೆ. ಅದು ನಿಮ್ಮ ಹೆಸರು ಹಿಡಿದು ಕರೆಯುತ್ತದೆ, ತಪ್ಪು ಹೇಳಿದರೆ ತಪ್ಪು ಅನ್ನುತ್ತದೆ. ಹೋದ ಭಾನುವಾರ ಅದನ್ನು ನಿಮ್ಮ ಅಜ್ಜಿಯ ಮುಖದ ಮುಂದೆ ಹಿಡಿದು, ‘ಮಾತಾಡಜ್ಜಿ, ಇದಕ್ಕ ಕೇಳಸತೈತಿ’ ಎಂದು ನೀವು ಗಂಟುಬಿದ್ದಿರಿ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಏನೂ ಮಾತಾಡಲಿಲ್ಲ. ಅದು ಸ್ವಲ್ಪ ಹೊತ್ತು ಕಾಯಿತು. ಆಮೇಲೆ, ‘ಕ್ಷಮಿಸಿ, ನನಗೆ ಏನೂ ಕೇಳಿಸಲಿಲ್ಲ’ ಎಂದಿತು. ನೀವು ಚಪ್ಪಾಳೆ ತಟ್ಟಿ ನಕ್ಕಿರಿ.

ಅಕ್ಕ ಮಾತ್ರ ನನ್ನ ಕಡೆ ತಿರುಗಿದಳು. ‘ಇದು ಖರೆ ಹೇಳತೈತಿ ನೋಡೋ’ ಎಂದಳು.

ಆಗಲೇ ಒಳಗೆ ತೊಟ್ಟಿಲಲ್ಲಿ ನಿಮ್ಮ ತಂಗಿ ಎದ್ದು ಅಳತೊಡಗಿದಳು. ನಿಮ್ಮಲ್ಲಿ ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ. ಮೊಣಕಾಲಿಗೆ ಕೈಯೂರಿ ಅಕ್ಕನೇ ಎದ್ದು ಒಳಗೆ ಹೋದಳು.